ಭಯದ ಎದುರು ನಗೆ

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳನ್ನೊಳಗೊಂಡ ತುಂಗಭದ್ರೆಯ ಈ ಸೀಮೆಗೆ ಎರಡು ಬೇರೆ ಬೇರೆ ಚರಿತ್ರೆಗಳಲ್ಲಿ ಗೌರವದ ಸ್ಥಾನವುಂಟು. ಆದರೆ ಆ ಎರಡನ್ನೂ ಒಂದೆಡೆ ಇರಿಸಿ ನೋಡಿದವರು ವಿರಳ. ಮೊದಲನೆಯದು ವೈದ್ಯದ ಚರಿತ್ರೆ. 1982ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕೈಗೊಂಡ ತರುವಾಯ, ಅದನ್ನು ಹಳ್ಳಿಯ ಮಟ್ಟಕ್ಕೆ ಇಳಿಸುವ ಬಗೆಯೆಂತೆಂಬುದನ್ನು ಪ್ರಯೋಗಿಸಿ ತಿಳಿಯುವುದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಆರಿಸಿಕೊಂಡದ್ದು ಅಂದಿನ ಅವಿಭಕ್ತ ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಕೆಲವೇ ಅವಶ್ಯ ಔಷಧಗಳಿಂದ ಚಿಕಿತ್ಸೆ ಮಾಡುವ ತರಬೇತಿ ದೊರೆಯಿತು. ಇದೇ ಮುಂದೆ 'ಬಳ್ಳಾರಿ ಮಾದರಿ' ಎಂದು ಹೆಸರಾಗಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಎರಡನೆಯದು ನಗೆಯ ಚರಿತ್ರೆ. ವಿಕಟಕವಿ ತೆನಾಲಿ ರಾಮಕೃಷ್ಣನ ಕಥೆಗಳು ಯಾವ ಅರಸನ ಓಲಗದ ಸುತ್ತ ಹೆಣೆದುಕೊಂಡಿವೆಯೋ ಆ ಕೃಷ್ಣದೇವರಾಯನು 1509ರಿಂದ 1529ರವರೆಗೆ ಆಳಿದ ಪಟ್ಟಣ ಈ ಹಂಪೆ. 'ಬೀಚಿ'ಯೆಂದು ನಾಡಿಗೆಲ್ಲ ಪರಿಚಿತರಾದ ಹಾಸ್ಯಲೇಖಕ ರಾಯಸಂ ಭೀಮಸೇನರಾಯರು 1913ರಲ್ಲಿ ಜನಿಸಿದ ಹರಪನಹಳ್ಳಿ, ಇಂದು ಹೊಸಪೇಟೆಯೇ ಕೇಂದ್ರವಾಗಿರುವ ವಿಜಯನಗರ ಜಿಲ್ಲೆಯ ಊರು. ಕಂಪ್ಲಿಯ ಸೇತುವೆಯನ್ನು ದಾಟಿ ಮುಂದೆ ಹೋದರೆ ಸಿಗುವ ಗಂಗಾವತಿಯು, ಬೀಚಿಯವರ ನಗೆಯನ್ನು ವೇದಿಕೆಯ ಮೇಲಿಂದ ಊರೂರಿಗೆ ಹಂಚಿದ ಪ್ರಾಣೇಶರ ಊರು.

ಕಾರಣವಿಲ್ಲದೆ ಎರಗುವ ಭಯದಿಂದ ಬಳಲುವವರಿಗೆ ನಗೆಯು ಎಷ್ಟರಮಟ್ಟಿಗೆ ಆಸರೆಯಾಗಬಲ್ಲದು, ಎಲ್ಲಿ ಅದು ಕೈಸೋಲುತ್ತದೆ, ಎಲ್ಲಿ ಅದೇ ಕೇಡಾಗಿ ಪರಿಣಮಿಸುತ್ತದೆ ಎಂಬ ಪ್ರಶ್ನೆಯನ್ನು ಈ ಎರಡು ಚರಿತ್ರೆಗಳ ನಡುವೆ ನಿಂತು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎಲ್ಲ ಭಯವೂ ರೋಗವಲ್ಲವೆಂಬುದನ್ನು ಮೊದಲಿಗೇ ಹೇಳಿಬಿಡಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ನದೀಪಾತ್ರದ ಊರುಗಳ ಜನರು ಪಟ್ಟ ದಿಗಿಲು ವಿವೇಕದಿಂದ ಹುಟ್ಟಿದ ದಿಗಿಲು; ಹೊಳೆಯ ನೀರು ಎಲ್ಲಿಯವರೆಗೆ ಏರೀತು, ಭತ್ತದ ಗದ್ದೆಗೆ ಕಾಲುವೆಯಲ್ಲಿ ನೀರು ಉಳಿದೀತೇ ಎಂಬ ಚಿಂತೆಗೆ ಕಣ್ಣೆದುರಿನ ಕಾರಣವಿತ್ತು, ಸ್ಟಾಪ್‌ಲಾಗುಗಳನ್ನು ಇಳಿಸಿ ಪ್ರವಾಹವನ್ನು ತಡೆದ ಮೇಲೆ ಕಾರಣದೊಡನೆ ಆ ಚಿಂತೆಯೂ ಇಳಿಮುಖವಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಸಂಡೂರಿನ ಸೀಮೆಯಲ್ಲಿ ಲಾರಿಯ ಸಾಲ ಹೊತ್ತವರೂ ದಿನಗೂಲಿಯನ್ನೇ ನೆಚ್ಚಿದವರೂ ಪಟ್ಟ ಆತಂಕವೂ ಈ ಜಾತಿಯದೇ. ಇಂಥ ಭಯಕ್ಕೆ ಮದ್ದು ಭಯದ ಕಾರಣವನ್ನು ನಿವಾರಿಸುವುದೇ ಹೊರತು ನಗೆಯಲ್ಲ. ಸಾಲಗಾರನಿಗೆ ನಗುವಂತೆ ಉಪದೇಶಿಸುವುದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ.

ಪ್ಯಾನಿಕ್ ಅಟ್ಯಾಕ್ ಎಂದು ವೈದ್ಯರು ಕರೆಯುವ ಭೀತಿಯ ಆವೇಗವು ಬೇರೆಯೇ ತೆರನಾದುದು. ಕಂಪ್ಲಿಯಿಂದ ಹೊಸಪೇಟೆಗೆ ಬರುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತಿರುವ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಿರಿ. ಹೊರಗೆ ಕಬ್ಬಿನ ಹೊಲಗಳು, ಬಾಳೆಯ ತೋಟಗಳು. ಒಳಗೆ ನಿತ್ಯದ ಸದ್ದು. ಯಾವ ಅಪಾಯದ ಸುಳಿವೂ ಇಲ್ಲ. ಇದ್ದಕ್ಕಿದ್ದಂತೆ ಆತನ ಎದೆ ದಡದಡನೆ ಬಡಿದುಕೊಳ್ಳತೊಡಗುತ್ತದೆ, ಅಂಗೈ ಬೆವರುತ್ತದೆ, ಉಸಿರು ಗಂಟಲಿನಲ್ಲಿಯೇ ನಿಂತಂತಾಗಿ, ಅದನ್ನು ಸೆಳೆದುಕೊಳ್ಳುವ ಆತುರದಲ್ಲಿ ಬೇಗಬೇಗನೆ ಉಸಿರಾಡಿದಂತೆಲ್ಲ ಬೆರಳ ತುದಿಗಳು ಜುಮುಗುಟ್ಟಿ, ತಲೆ ತಿರುಗಿ, ಸುತ್ತಲಿನ ಮುಖಗಳು ದೂರ ಸರಿದಂತೆ ತೋರುತ್ತವೆ. ತಾನು ಈ ಗಳಿಗೆಯಲ್ಲಿ ಸಾಯುತ್ತೇನೆ, ಇಲ್ಲವೇ ಬುದ್ಧಿ ಕೆಟ್ಟು ಜನರ ನಡುವೆ ಕೂಗಿಕೊಳ್ಳುತ್ತೇನೆ ಎಂಬ ನಿಶ್ಚಯ ಅವನಲ್ಲಿ ಮೂಡುತ್ತದೆ. ಸುಮಾರು ಹತ್ತು ನಿಮಿಷಗಳೊಳಗೆ ಶಿಖರಕ್ಕೇರುವ ಈ ಆವೇಗವು ಬಳಿಕ ತಾನಾಗಿಯೇ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಆತನನ್ನು ಬಸ್ಸಿನಿಂದ ಇಳಿಸಿ, ನೀರು ಚಿಮುಕಿಸಿ, ಆಸ್ಪತ್ರೆಗೆ ಒಯ್ದಿರುತ್ತಾರೆ. ಇಸಿಜಿಯನ್ನು ನೋಡಿದ ವೈದ್ಯರು "ಏನೂ ಇಲ್ಲ, ಮನೆಗೆ ಹೋಗಿ" ಎಂದಿರುತ್ತಾರೆ. ಏನೂ ಇಲ್ಲವೆಂಬ ಈ ಮಾತು ಹೃದಯದ ಮಟ್ಟಿಗೆ ಸತ್ಯ, ರೋಗಿಯ ಅನುಭವದ ಮಟ್ಟಿಗೆ ಅಸತ್ಯ. ಮರುವಾರ ಆತನು ಬಸ್ಸು ಹತ್ತಲು ಒಲ್ಲನು. ಮುಂದೆ ಸಂತೆಗೆ ಒಲ್ಲನು. ಕಡೆಗೆ ಮದುವೆಯ ಮನೆಯ ಪಂಕ್ತಿಯಲ್ಲಿಯೂ ಬಾಗಿಲಿನ ಹತ್ತಿರದ ಎಲೆಯನ್ನೇ ಹುಡುಕುವನು.

"ಎದಿ ಢವಢವ ಅಂತೈತಿ", "ಜೀವ ಹೋದಂಗಾಗತೈತಿ", "ಕೈಕಾಲಾಗಿನ ಶಕ್ತೀನ ಇಳದ್ಹೋತು" ಎಂದು ಈ ಕಡೆಯ ಜನ ಹೇಳಿಕೊಳ್ಳುವುದು ಬಹುತೇಕ ಈ ಸ್ಥಿತಿಯನ್ನೇ. ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವವರುಂಟು; ನರದೌರ್ಬಲ್ಯವೆಂದು ಟಾನಿಕ್ಕು ಕುಡಿಸುವವರುಂಟು; ಗಂಡಸರಲ್ಲಿ ಎಷ್ಟೋ ಮಂದಿ ಸಂಜೆಯ ಕುಡಿತದಲ್ಲಿ ಧೈರ್ಯವನ್ನರಸಿ, ಮರುಬೆಳಗಿನ ಇಮ್ಮಡಿಯಾದ ಗಾಬರಿಗೆ ಈಡಾಗುವುದುಂಟು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ದೇಶದ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿರುವರೆಂದೂ, ಅವರಲ್ಲಿ ಬಹುಪಾಲಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದೂ ತಿಳಿಸಿತು. ಬಳ್ಳಾರಿ ಮಾದರಿಯೂ ತನ್ನ ಕಾಲದಲ್ಲಿ ಆದ್ಯತೆಯಿತ್ತದ್ದು ತೀವ್ರ ಮನೋರೋಗಗಳಿಗೆ ಮತ್ತು ಮೂರ್ಛೆರೋಗಕ್ಕೆ. ಕೂಗಾಡದ, ಬಟ್ಟೆ ಹರಿದುಕೊಳ್ಳದ, ಮೌನವಾಗಿ ಬಾಗಿಲ ಬಳಿಯ ಎಲೆಯನ್ನು ಹುಡುಕುವ ರೋಗಿಯು ಅಂದಿಗೂ ಇಂದಿಗೂ ಲೆಕ್ಕದಿಂದ ಜಾರಿಹೋಗುವವನೇ ಆಗಿದ್ದಾನೆ.

ಈ ಆವೇಗದ ಮೂಲವೇನು? ಇಂಗ್ಲೆಂಡಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ರತಿಪಾದಿಸಿದ ವಿವರಣೆಯು ಇಂದಿಗೂ ಚಿಕಿತ್ಸೆಯ ಆಧಾರವಾಗಿ ಉಳಿದಿದೆ. ದೇಹದಲ್ಲಿ ಸಹಜವಾಗಿ ತೋರುವ ಒಂದು ಸಣ್ಣ ವ್ಯತ್ಯಾಸವನ್ನು, ಎಂದರೆ ಎರಡು ಮೆಟ್ಟಿಲು ಹತ್ತಿದ್ದರಿಂದಲೋ ಒಂದು ಲೋಟ ಕಾಫಿಯಿಂದಲೋ ಹೆಚ್ಚಿದ ನಾಡಿಯನ್ನು, ಮನಸ್ಸು ಮಹಾವಿಪತ್ತೆಂದು ಓದಿಕೊಳ್ಳುತ್ತದೆ; ಆ ಓದಿನಿಂದ ಭಯ ಹುಟ್ಟುತ್ತದೆ; ಭಯದಿಂದ ಅಡ್ರಿನಲಿನ್ ಸ್ರವಿಸಿ ನಾಡಿ ಇನ್ನಷ್ಟು ಹೆಚ್ಚುತ್ತದೆ; ಹೆಚ್ಚಿದ ನಾಡಿಯು ಮೊದಲಿನ ತಪ್ಪು ಓದಿಗೆ ಸಾಕ್ಷಿ ನುಡಿಯುತ್ತದೆ. ಅತಿವೇಗದ ಉಸಿರಾಟದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಟ್ಟುವುದೂ ಈ ವರ್ತುಲದ ಒಂದು ಭಾಗವೇ. ಹಾಗಾದರೆ ವರ್ತುಲವನ್ನು ಕಡಿಯುವ ಸ್ಥಾನ ಯಾವುದೆಂದರೆ, ದೇಹದ ಸುದ್ದಿಗೂ ಮನಸ್ಸು ಅದಕ್ಕೆ ಕೊಡುವ ಅರ್ಥಕ್ಕೂ ನಡುವಿನ ಸಂಧಿ. ನಗೆಯು ಕೆಲಸ ಮಾಡುವುದಾದರೆ ಈ ಸಂಧಿಯಲ್ಲಿಯೇ ಮಾಡಬೇಕು.

ಜರ್ಮನಿಯ ತತ್ತ್ವಜ್ಞ ಕಾಂಟ್ 1790ರ ತನ್ನ ಗ್ರಂಥದಲ್ಲಿ ನಗೆಯನ್ನು ವಿವರಿಸುತ್ತ, ಬಿಗಿಯಾಗಿ ಎಳೆದಿಟ್ಟ ಒಂದು ನಿರೀಕ್ಷೆಯು ಥಟ್ಟನೆ ಶೂನ್ಯವಾಗಿ ಪರಿಣಮಿಸಿದಾಗ ನಗೆ ಹುಟ್ಟುತ್ತದೆಂದು ಹೇಳಿದನು. ಈ ಮಾತನ್ನು ಮೇಲಿನ ಬಸ್ಸಿನ ಪ್ರಯಾಣಿಕನಿಗೆ ಅನ್ವಯಿಸಿ ನೋಡಿದರೆ ಒಂದು ವಿಚಿತ್ರವಾದ ಸಾಮ್ಯ ಗೋಚರಿಸುತ್ತದೆ. ಆತನೂ ಮೃತ್ಯುವಿನಷ್ಟು ಬಿಗಿಯಾದ ನಿರೀಕ್ಷೆಯನ್ನು ಹೊತ್ತಿದ್ದನು. ಅದೂ ಹತ್ತೇ ನಿಮಿಷದಲ್ಲಿ ಶೂನ್ಯವಾಯಿತು. ಎಂದಮೇಲೆ ಆತನ ಸಂಕಟದ ರಚನೆಯೊಳಗೇ ನಗೆಯ ಬೀಜ ಅಡಗಿದೆ. ಆದರೆ ಅದು ಮೊಳೆಯುವುದಕ್ಕೆ ಆತನು ತನ್ನಿಂದ ತಾನೇ ಒಂದು ಗೇಣು ದೂರ ನಿಲ್ಲಬೇಕು, ಆ ದೂರವನ್ನು ಇನ್ನೊಬ್ಬರು ಅವನ ಮೇಲೆ ಹೇರಲಾಗದು. ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಯ ತಿರುಳು ಇಲ್ಲಿದೆ: ಭಯಗೊಂಡವನು ತಾನೇ ನಕ್ಕ ನಗೆ ಅವನಿಗೆ ಬಲ, ಅವನನ್ನು ನೋಡಿ ನೆರೆಯವರು ನಕ್ಕ ನಗೆ ಅವನಿಗೆ ಇನ್ನೊಂದು ಆಘಾತ.

ನಮ್ಮ ಪ್ರಾಚೀನರು ಈ ಭೇದವನ್ನು ಅರಿಯದವರಲ್ಲ. ಭರತನ ನಾಟ್ಯಶಾಸ್ತ್ರವು ಹಾಸ್ಯಕ್ಕೆ ಶಿವನ ಪ್ರಮಥಗಣವನ್ನೂ ಭಯಾನಕಕ್ಕೆ ಕಾಲನನ್ನೂ ಅಧಿದೇವತೆಗಳನ್ನಾಗಿ ಹೇಳಿ, ಹಾಸ್ಯವನ್ನು ಆತ್ಮಸ್ಥ, ಪರಸ್ಥವೆಂದು ಎರಡಾಗಿ ವಿಂಗಡಿಸುತ್ತದೆ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂಬ ಆರು ಬಗೆಗಳಲ್ಲಿ ಮೊದಲೆರಡು ಉತ್ತಮರವು, ನಡುವಿನೆರಡು ಮಧ್ಯಮರವು, ಕೊನೆಯೆರಡು ಅಧಮರವು. ಕೆನ್ನೆ ಅರಳಿ ಹಲ್ಲು ಕಾಣದ ಸ್ಮಿತವೇ ಮೊದಲ ಸ್ಥಾನದಲ್ಲಿರುವುದನ್ನು ಗಮನಿಸಬೇಕು. ಏಕೆಂದರೆ ಭಯದ ರೋಗಿಗೆ ಸಾಧ್ಯವಾಗುವ ನಗೆಯೂ ಬಹುವೇಳೆ ಅಷ್ಟೇ. ಹೊಟ್ಟೆ ಹಿಡಿದು ಹೊರಳಾಡುವ ಅತಿಹಸಿತವನ್ನು ಅವನಿಂದ ಯಾರೂ ಅಪೇಕ್ಷಿಸಬೇಕಾಗಿಲ್ಲ.

ವಿಕಟಕವಿಯ ಕಥೆಗಳಲ್ಲಿ ಮೊದಲನೆಯದನ್ನು ಈ ಬೆಳಕಿನಲ್ಲಿ ನೋಡಬಹುದು. ತೆನಾಲಿಯ ಬಾಲಕ ರಾಮಕೃಷ್ಣನು ಕಾಳಿಯನ್ನು ಕುರಿತು ಜಪಿಸಲಾಗಿ, ದೇವಿಯು ಸಹಸ್ರಮುಖಗಳ ಉಗ್ರರೂಪದಲ್ಲಿ ಮೈದೋರುತ್ತಾಳೆ. ನಡುಗಿ ನೆಲಕ್ಕೆ ಬೀಳಬೇಕಾದ ಆ ಹುಡುಗನಿಗೆ ನಗೆ ಬರುತ್ತದೆ. ಏಕೆ ನಕ್ಕೆಯೆಂದು ದೇವಿ ಕೇಳಲು, ಒಂದು ಮೂಗಿಗೆ ನೆಗಡಿಯಾದರೇ ನಮಗೆ ಒರೆಸಿ ಸಾಕಾಗುತ್ತದೆ, ಸಾವಿರ ಮೂಗುಗಳ ನಿನ್ನ ಗತಿಯೇನು ತಾಯಿ ಎನ್ನುತ್ತಾನೆ. ಇತಿಹಾಸದ ರಾಮಕೃಷ್ಣಕವಿಯು ರಾಯನ ಆಸ್ಥಾನದಲ್ಲಿ ಇದ್ದನೋ ಇಲ್ಲವೋ ಎಂಬ ಪಂಡಿತರ ಚರ್ಚೆಯನ್ನು ಇಲ್ಲಿ ಕೆದಕಬೇಕಾಗಿಲ್ಲ. ಕಥೆಯನ್ನು ಕಟ್ಟಿದ ಜನಪದದ ಮನಸ್ಸು ಎಂಥದೆಂಬುದು ಮುಖ್ಯ. ಹುಡುಗನು ಕಾಳಿಯನ್ನು ಇಲ್ಲವೆನ್ನಲಿಲ್ಲ, ಕಣ್ಣು ಮುಚ್ಚಿಕೊಳ್ಳಲಿಲ್ಲ, ಓಡಲಿಲ್ಲ. ಉಗ್ರರೂಪವನ್ನು ದಿಟ್ಟಿಸಿ ನೋಡಿ, ಅದರೊಳಗಿನ ಒಂದು ಸಾಮಾನ್ಯ ಸಂಗತಿಯನ್ನು, ಮೂಗನ್ನು, ಹೆಕ್ಕಿ ತೆಗೆದನು. ಅದರಲ್ಲಿ ದೇವಿಯ ಅವಹೇಳನವೂ ಇಲ್ಲ. ಅವಳ ಕಷ್ಟಕ್ಕೆ ಮರುಕವಿದೆ. ಭಯವನ್ನು ಎದುರಿಸುವ ನಗೆಗೆ ಇದಕ್ಕಿಂತ ಶುದ್ಧವಾದ ದೃಷ್ಟಾಂತವನ್ನು ನಾನರಿಯೆ.

ಹುಡುಗನು ಕಥೆಯಲ್ಲಿ ಮಾಡಿದ್ದನ್ನು ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಚಿಕಿತ್ಸಾಲಯದಲ್ಲಿ ಒಂದು ಕ್ರಮವನ್ನಾಗಿ ರೂಪಿಸಿದರು. 1939ರಷ್ಟು ಹಿಂದೆಯೇ ಅವರು ಬರೆದ ಆ ಕ್ರಮದ ಸಾರವಿಷ್ಟು: ರೋಗಿಯು ಯಾವುದಕ್ಕೆ ಅಂಜುವನೋ ಅದನ್ನೇ, ನಗೆಯ ಉತ್ಪ್ರೇಕ್ಷೆಯೊಡನೆ, ಬೇಕೆಂದು ಬಯಸಬೇಕು. ಜನರೆದುರಿಗೆ ಬೆವರುವೆನೆಂದು ಅಂಜುತ್ತಿದ್ದ ಒಬ್ಬ ತರುಣ ವೈದ್ಯನಿಗೆ ಅವರು, ಮುಂದಿನ ಸಲ ತಾನೆಷ್ಟು ಧಾರಾಳವಾಗಿ ಬೆವರಬಲ್ಲೆನೆಂಬುದನ್ನು ಎಲ್ಲರಿಗೂ ತೋರಿಸಿಬಿಡಬೇಕೆಂದು ಸಂಕಲ್ಪಿಸಲು ಹೇಳಿದರು. ವರ್ಷಗಳಿಂದ ಕಾಡಿದ್ದ ಅಂಜಿಕೆಯು ಅಲ್ಪಕಾಲದಲ್ಲಿಯೇ ಸಡಿಲಿತು. ನಾಜಿಗಳ ಬಂದಿಶಿಬಿರಗಳ ನರಕವನ್ನು ಕಂಡು ಬದುಕಿಬಂದ ಫ್ರಾಂಕ್ಲ್, ಅಲ್ಲಿಯೂ ಹಾಸ್ಯವು ಆತ್ಮರಕ್ಷಣೆಯ ಒಂದು ಆಯುಧವಾಗಿತ್ತೆಂದು 1946ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಆದಕಾರಣ ಅವರ ಮಾತನ್ನು ಸುಖಾಸೀನರ ಉಪದೇಶವೆಂದು ತಳ್ಳಿಹಾಕುವಂತಿಲ್ಲ.

ಈ ಕ್ರಮವು ನಮ್ಮ ನುಡಿಗೆ ಎಷ್ಟು ಸಹಜವಾಗಿ ಒಗ್ಗುವುದೆಂಬುದಕ್ಕೆ ಒಂದು ಮಾದರಿಯನ್ನು ಕೊಡುತ್ತೇನೆ. ಈ ಸೀಮೆಯಲ್ಲಿ ಹಾಸ್ಯ ಮಾಡಲು ಸಮಾಜವೇ ಪರವಾನಿಗೆ ಕೊಟ್ಟ ನೆಂಟಸ್ತಿಕೆಯೆಂದರೆ ಬೀಗತನ. ಮದುವೆಯ ಮನೆಯಲ್ಲಿ ಬೀಗರ ಮೇಲೆ ಹಾಡು ಕಟ್ಟುವುದು, ನಾಚಿ ತಲೆತಗ್ಗಿಸಿದ ಮದುಮಗಳಿಂದ ಗಂಡನ ಹೆಸರಿನ ಒಡಪು ಹೇಳಿಸಿ ಅವಳ ಅಳುಕನ್ನು ಬಿಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಎದೆ ಬಡಿತ ತೊಡಗಿದೊಡನೆ ರೋಗಿಯು ಆ ಭಯವನ್ನೇ ಬೀಗರೆಂದು ಭಾವಿಸಿ, "ಬಂದ್ರ್ಯಾ ಬೀಗ್ರ? ಹ್ವಾದ ವಾರಾನೂ ಇದೇ ಹೊತ್ತಿಗೆ ಬಂದಿದ್ರಿ, ಜೀವ ತಗೊಂಡೇ ಹೋಗ್ತೀವಿ ಅಂದ್ರಿ, ಬರಿಗೈಲೆ ಹೋದ್ರಿ. ಇವತ್ತಾದ್ರೂ ಹಿಡಿದ ಕೆಲಸ ಮುಗಿಸಿ ಹೋಗ್ರಿ" ಎಂದು ಮನಸ್ಸಿನಲ್ಲಿಯೇ ಉಪಚರಿಸಿದನೆನ್ನಿ. ಇಷ್ಟರಿಂದ ಬಡಿತವು ತಟಕ್ಕನೆ ನಿಲ್ಲದು. ಆದರೆ ಭಯವನ್ನು ತಳ್ಳುವ ಹೋರಾಟವು ನಿಲ್ಲುತ್ತದೆ, ಹೋರಾಟ ನಿಂತೊಡನೆ ಭಯದ ಬೆಂಕಿಗೆ ದೊರೆಯುತ್ತಿದ್ದ ಕಟ್ಟಿಗೆಯೂ ನಿಲ್ಲುತ್ತದೆ. ಹಿಂದಿನ ಸಲವೂ ಸಾಯಲಿಲ್ಲವೆಂಬ ನೆನಪನ್ನು ಭಯದ ನಡುವೆ ಎಚ್ಚರವಾಗಿಡುವುದು ಕಷ್ಟ. ನಗೆಯ ಮಾತಿನೊಳಗೆ ಕಟ್ಟಿಟ್ಟ ನೆನಪು ಸುಲಭವಾಗಿ ಕೈಗೆ ಬರುತ್ತದೆ.

ಈ ದಾರಿಗೆ ಪ್ರಯೋಗದ ಆಧಾರವೂ ಸ್ವಲ್ಪ ಮಟ್ಟಿಗೆ ಉಂಟು. ಅಮೆರಿಕದ ಲ್ಯಾರಿ ವೆಂಟಿಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೇಡಕ್ಕೆ ವಿಪರೀತ ಅಂಜುವವರನ್ನು ಹಂತಹಂತವಾಗಿ ಭಯದ ವಸ್ತುವಿಗೆ ಒಗ್ಗಿಸುವ ಪ್ರಚಲಿತ ವಿಧಾನವನ್ನೂ, ವಿಶ್ರಾಂತಿಯ ಅಭ್ಯಾಸಕ್ಕೆ ಬದಲು ಹಾಸ್ಯವನ್ನು ಬಳಸಿದ ವಿಧಾನವನ್ನೂ ಹೋಲಿಸಲಾಗಿ, ಎರಡೂ ಸಮಾನವಾಗಿ ಫಲಿಸಿದವು. ಜೇಡದ ಅಂಜಿಕೆಯು ಪ್ಯಾನಿಕ್ಕಿಗಿಂತ ಸರಳವಾದ ವಸ್ತುವೆಂಬುದನ್ನು ಮರೆಯಬಾರದು. ನಾರ್ಮನ್ ಕಸಿನ್ಸ್ ಎಂಬ ಪತ್ರಕರ್ತನು ಹತ್ತು ನಿಮಿಷ ಹೊಟ್ಟೆತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ರೆ ಬರುತ್ತಿತ್ತೆಂದು 1976ರಲ್ಲಿ ವೈದ್ಯಪತ್ರಿಕೆಯಲ್ಲಿ ಬರೆದದ್ದು, ಮುಂಬಯಿಯ ವೈದ್ಯ ಮದನ್ ಕಟಾರಿಯಾ 1995ರ ಮಾರ್ಚ್ 13ರಂದು ಐವರೊಡನೆ ಉದ್ಯಾನವೊಂದರಲ್ಲಿ ನಗೆಕೂಟ ಆರಂಭಿಸಿದ್ದು, ಎಲ್ಲರೊಡಗೂಡಿ ನಕ್ಕವರು ನೋವನ್ನು ಹೆಚ್ಚು ಸಹಿಸಬಲ್ಲರೆಂದು ರಾಬಿನ್ ಡನ್ಬಾರರ ತಂಡ 2011ರಲ್ಲಿ ತೋರಿಸಿದ್ದು, ಇವೆಲ್ಲ ಪ್ರಸಿದ್ಧ ಸಂಗತಿಗಳು. ಕಸಿನ್ಸನಂಥ ಒಬ್ಬನ ಅನುಭವವು ಪ್ರಮಾಣವಾಗದು. ನಗೆಕೂಟದಲ್ಲಿ ಕೈ ಮೇಲೆತ್ತಿ ಹೊ ಹೊ ಎನ್ನುವ ವ್ಯಾಯಾಮದಿಂದ ಮೈ ಹಗುರಾಗುವುದೂ ಬೆಳಗಿನ ಗೆಳೆಯರು ದೊರೆಯುವುದೂ ನಿಜ, ಆದರೆ ಅದರಿಂದಲೇ ಪ್ಯಾನಿಕ್ ವಾಸಿಯಾಗುವುದೆನ್ನುವುದು ಅತಿಶಯೋಕ್ತಿ. ಆವೇಗವು ಶಿಖರದಲ್ಲಿದ್ದಾಗ ಬಲವಂತದಿಂದ ನಗಹೊರಟರೆ, ಮೊದಲೇ ಕೆಟ್ಟಿರುವ ಉಸಿರಿನ ಲಯ ಇನ್ನಷ್ಟು ಕೆಡುವ ಸಂಭವವಿದೆ. ಆ ಗಳಿಗೆಗೆ ತಕ್ಕದ್ದು ಉಸಿರನ್ನು ನಿಧಾನವಾಗಿ, ಒಳತೆಗೆದುದಕ್ಕಿಂತ ದೀರ್ಘವಾಗಿ, ಹೊರಬಿಡುವುದು, ಕಾಲು ನೆಲವನ್ನು ಮುಟ್ಟಿರುವುದನ್ನು ಗಮನಿಸುವುದು, ಇದು ಇಳಿಯುತ್ತದೆಂದು ತನಗೆ ತಾನೇ ಹೇಳಿಕೊಳ್ಳುವುದು. ನಗೆಯ ನಿಜವಾದ ಕ್ಷೇತ್ರವು ಒಂದು ಆವೇಗಕ್ಕೂ ಮತ್ತೊಂದಕ್ಕೂ ನಡುವಿನ ದಿನಗಳು. ಮತ್ತೆ ಬಂದೀತೆಂಬ ಅಂಜಿಕೆಯಲ್ಲಿ ಬಸ್ಸು, ಸಂತೆ, ಹಂಪೆಯ ಹೊಳೆಯ ಹರಿಗೋಲು, ಒಂದೊಂದಾಗಿ ಬದುಕಿನಿಂದ ಕಳಚಿಕೊಳ್ಳುವ ದಿನಗಳು.

ನಗೆಗೆ ಸಂಗಡಿಗರು ಬೇಕೆಂಬುದನ್ನು ಈ ಸೀಮೆಯ ತೊಗಲುಗೊಂಬೆಯಾಟವು ಯಾವ ಪ್ರಯೋಗಶಾಲೆಗಿಂತಲೂ ಮುಂಚೆ ತಿಳಿದಿತ್ತು. ಬಿಳಿಯ ಪರದೆಯ ಹಿಂದೆ ದೀಪ. ದೀಪಕ್ಕೂ ಪರದೆಗೂ ನಡುವೆ ಹದಮಾಡಿದ ತೊಗಲಿನ ಮೇಲೆ ಕೆಂಪು, ಹಸಿರು, ಕಪ್ಪು ಬಣ್ಣವೇರಿಸಿ ರಂಧ್ರಗಳಿಂದ ಒಡವೆಯನ್ನು ಕೊರೆದ ರಾವಣನ ಬೊಂಬೆ. ಆ ರಾಕ್ಷಸನು ಪರದೆಗೆ ಹತ್ತಿದನೆಂದರೆ ತಾಯಿಯ ಸೆರಗು ಹಿಡಿಯದ ಮಗುವಿಲ್ಲ. ಅಷ್ಟರಲ್ಲಿ ಕಿಳ್ಳೇಕ್ಯಾತನು ಬಂದುಬಿಡುತ್ತಾನೆ. ಕರಿಯ ಮೈ, ಮುಂದಕ್ಕೆ ಬಂದ ಹೊಟ್ಟೆ, ತಡೆಯಿಲ್ಲದ ನಾಲಗೆ. ಹಿಂದೆಯೇ ಜಗಳ ತೆಗೆಯುತ್ತ ಅವನ ಹೆಂಡತಿ ಬಂಗಾರಕ್ಕ. ಕ್ಷಣದ ಹಿಂದೆ ನಡುಗಿದ್ದ ಮಗುವೇ ನಗುತ್ತದೆ, ಆದರೆ ರಾವಣನು ಪರದೆಯಿಂದ ಹೋಗಿಲ್ಲ. ಭಯಾನಕವನ್ನು ಅಳಿಸದೆ ಅದರ ಪಕ್ಕದಲ್ಲಿಯೇ ಹಾಸ್ಯವನ್ನು ಕೂರಿಸುವ ಈ ಕೌಶಲದಲ್ಲಿ ದೊಡ್ಡ ಮನೋಜ್ಞಾನವಿದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಳ್ಳುವವರೆಗೂ ಈ ಕಲೆಯನ್ನು ಉಳಿಸಿ ಮೆರೆಸಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವನವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಸಂದಿತು. ಮೊಹರಮ್ಮಿನ ಹುಲಿವೇಷವೂ ಇದೇ ವರ್ಗಕ್ಕೆ ಸೇರಿದುದು: ಹೆದರಿಸಬೇಕಾದ ಮೃಗವೇ ತಾಶೆಯ ಬಡಿತಕ್ಕೆ ಓಣಿಯಲ್ಲಿ ಕುಣಿಯುವಾಗ, ಹುಡುಗರು ಹೆದರುತ್ತಲೇ ಹಿಂದೆ ಓಡುತ್ತಾರೆ.

ಸಾಹಿತ್ಯದ ಕಡೆಗೆ ತಿರುಗಿದರೆ, ನಗೆಗೂ ಮನೋವ್ಯಥೆಗೂ ಇರುವ ನಂಟನ್ನು ತಮ್ಮ ಬಾಳಿನಲ್ಲಿಯೇ ಬೆಸೆದ ಇಬ್ಬರು ಮಹನೀಯರು ಕನ್ನಡದಲ್ಲಿ ಕಾಣುತ್ತಾರೆ. ಒಬ್ಬರು 'ರಾ.ಶಿ.' ಎಂಬ ಹೆಸರಿನ ಡಾ. ಎಂ. ಶಿವರಾಂ. ವೃತ್ತಿಯಿಂದ ವೈದ್ಯರಾದ ಅವರು 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದರು; ಮಹಾಯುದ್ಧದ ಅಭಾವದ ಕಾಲದಲ್ಲಿ ಕನ್ನಡದ ಮನೆಗಳಿಗೆ ತಿಂಗಳಿಗೊಮ್ಮೆ ನಗೆಯನ್ನು ಕಳುಹಿಸಿದ ಅದೇ ಕೈ, ಮನಸ್ಸಿನ ರೋಗಗಳನ್ನು ಕುರಿತು 'ಮನಮಂಥನ'ವೆಂಬ ಗ್ರಂಥವನ್ನು ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ನಗಿಸಬಲ್ಲವನೇ ನರಳಿಕೆಯನ್ನೂ ಗಂಭೀರವಾಗಿ ಆಲಿಸಬಲ್ಲನೆಂಬುದಕ್ಕೆ ಇದು ನಿದರ್ಶನ. ಮತ್ತೊಬ್ಬರು ಬೀಚಿ. ಎಳವೆಯಲ್ಲಿಯೇ ತಂದೆತಾಯಿಗಳ ಆಸರೆ ತಪ್ಪಿ, ಪೋಲೀಸು ಇಲಾಖೆಯ ಕಚೇರಿಯಲ್ಲಿ ದುಡಿದು, ಅ.ನ.ಕೃ. ಅವರ 'ಸಂಧ್ಯಾರಾಗ'ವನ್ನು ಓದಿದ ಮೇಲೆ ಕನ್ನಡಕ್ಕೆ ಮನಸೋತು ಬರೆಯತೊಡಗಿದ ಅವರು, 1980ರಲ್ಲಿ ಗತಿಸುವ ಮುನ್ನ ಬಿಟ್ಟುಹೋದ ಆತ್ಮಕಥೆಯ ಹೆಸರು 'ನನ್ನ ಭಯಾಗ್ರಫಿ'. ಅವರ ಬರಹದ ಪಾತ್ರವಾದ ತಿಂಮನು ಇತರರನ್ನು ಕೆಣಕಿದಷ್ಟೇ ತನ್ನನ್ನೂ ಕೆಣಕಿಕೊಳ್ಳುತ್ತಾನೆ. ಬಲಶಾಲಿಗೆ ಹೆದರುವುದಿಲ್ಲ, ದುರ್ಬಲನನ್ನು ತುಳಿಯುವುದಿಲ್ಲ. ಸಾವು, ಬಡತನ, ಮುಪ್ಪು, ರೋಗ, ಯಾವುದಕ್ಕೂ ಆ ಬರಹದಲ್ಲಿ ಪ್ರವೇಶ ನಿಷಿದ್ಧವಲ್ಲ. ಹೆಸರು ಹೇಳಲೂ ಜನ ಅಂಜುವ ವಸ್ತುಗಳನ್ನು ಹೀಗೆ ಮಾತಿಗೆ ಎಳೆದುತಂದದ್ದು ಬೀಚಿಯವರ ದೊಡ್ಡ ಉಪಕಾರವೆಂದು ನಾನು ಬಗೆಯುತ್ತೇನೆ. ಹೆಸರಿಲ್ಲದ ಭಯಕ್ಕಿಂತ ಹೆಸರುಳ್ಳ ಭಯವು ಸಣ್ಣದು.

ಇನ್ನು ನಗೆಯ ಕೇಡನ್ನು ಹೇಳದಿದ್ದರೆ ಸಮೀಕ್ಷೆಯು ಅಪ್ರಾಮಾಣಿಕವಾದೀತು. ಕೆನಡಾದ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಶೈಲಿಗಳಾಗಿ ವಿಂಗಡಿಸಿದರು: ಬಾಂಧವ್ಯ ಬೆಳೆಸುವುದು, ಕಷ್ಟದಲ್ಲಿ ತನ್ನನ್ನು ತಾನೇ ಎತ್ತಿಹಿಡಿಯುವುದು, ಪರರನ್ನು ಘಾಸಿಗೊಳಿಸುವುದು, ಇತರರ ಮೆಚ್ಚುಗೆಗಾಗಿ ತನ್ನನ್ನೇ ಹೀಗಳೆದುಕೊಳ್ಳುವುದು. ಮೊದಲೆರಡು ಆತಂಕದ ಇಳಿಕೆಯೊಡನೆ ಕಾಣಿಸಿಕೊಂಡರೆ, ಕೊನೆಯದು ಆತಂಕ ಮತ್ತು ಖಿನ್ನತೆಗಳ ಹೆಚ್ಚಳದೊಡನೆ ಕಾಣಿಸಿಕೊಂಡಿತು. ಗೆಳೆಯರ ಗುಂಪಿನಲ್ಲಿ ತನ್ನ ಅಂಜುಬುರುಕತನವನ್ನೇ ಸರಕು ಮಾಡಿಕೊಂಡು ಎಲ್ಲರನ್ನೂ ನಗಿಸುವವನು, ಆ ರಾತ್ರಿ ನಿದ್ರೆಯಿಲ್ಲದೆ ಹೊರಳುತ್ತಿರಬಹುದು. ನಗಿಸುವವನಿಗೆ ನೋವಿಲ್ಲವೆಂದು ತಿಳಿಯುವುದು ನಮ್ಮ ಜನರ ದೊಡ್ಡ ತಪ್ಪು ಗ್ರಹಿಕೆ.

ಇದಕ್ಕಿಂತ ಮಿಗಿಲಾದ ಕೇಡು ನಮ್ಮ ಹಾಸ್ಯಸಂಜೆಗಳಲ್ಲಿಯೇ ನಡೆಯುತ್ತದೆ. ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಈ ಸೀಮೆಯ ಊರೂರಿನಲ್ಲಿಯೂ ಸಾವಿರಾರು ಜನ ನೆಲದ ಮೇಲೆ ಕುಳಿತು ನಡುರಾತ್ರಿಯವರೆಗೆ ನಗುವ ದೃಶ್ಯವನ್ನು ಕಂಡವರಿಗೆ ಅದರ ಆರೋಗ್ಯಕರ ಶಕ್ತಿಯ ಬಗೆಗೆ ಸಂಶಯ ಉಳಿಯದು. ಆದರೆ ಅಂಥ ವೇದಿಕೆಗಳಲ್ಲಿ ಹುಚ್ಚಾಸ್ಪತ್ರೆಯ ಚುಟುಕವು ಇಂದಿಗೂ ಸುಲಭದ ಸರಕು. ಹುಚ್ಚನೊಬ್ಬ ಹೀಗೆಂದ, ಡಾಕ್ಟರು ಹಾಗೆಂದ ಎಂದು ಹೇಳಿ ನಗಿಸುವಾಗ, ಸಭೆಯ ನಡುವೆ ಕುಳಿತ ಒಬ್ಬ ತಾಯಿ, ಒಬ್ಬ ಕಾಲೇಜಿನ ಹುಡುಗ, ತಮ್ಮ ಎದೆಬಡಿತದ ಗುಟ್ಟನ್ನು ಇನ್ನಷ್ಟು ಆಳಕ್ಕೆ ನೂಕಿಕೊಳ್ಳುತ್ತಾರೆ. ತಮಗೂ ಹುಚ್ಚಿನ ಹೆಸರು ಬಂದೀತೆಂಬ ಅಂಜಿಕೆಯಿಂದ ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನು ಮುಂದೂಡುತ್ತಾರೆ. ತನ್ನನ್ನು ಕಂಡು ಇತರರು ನಗುವರೆಂಬ ಶಂಕೆಯೇ ಒಂದು ಪ್ರತ್ಯೇಕವಾದ ಭಯವೆಂದು ಮನೋವಿಜ್ಞಾನಿಗಳು ಗುರುತಿಸಿದ್ದಾರೆ. ದಶಕಗಳ ಹಿಂದೆಯೇ ದೇಶಕ್ಕೆ ಮಾನಸಿಕ ಆರೋಗ್ಯದ ದಾರಿ ತೋರಿದ ಜಿಲ್ಲೆಯ ವೇದಿಕೆಗೆ ಇದು ಶೋಭಿಸುವುದಿಲ್ಲ.

ಚಿಕಿತ್ಸೆಯ ವಿಚಾರದಲ್ಲಿ ಗೊಂದಲಕ್ಕೆ ಎಡೆಯಿರಬಾರದು. ಎದೆಬಡಿತವು ಮೊದಲ ಸಲ ಬಂದಾಗ ಹೃದಯ, ಥೈರಾಯಿಡ್, ರಕ್ತಹೀನತೆಗಳನ್ನು ಪರೀಕ್ಷಿಸಿಕೊಳ್ಳಲೇಬೇಕು. ನಗೆಯನ್ನು ನೆಚ್ಚಿ ಆ ಪರೀಕ್ಷೆಯನ್ನು ಬಿಡುವುದು ಅಪಾಯ. ಪ್ಯಾನಿಕ್ ಎಂದು ನಿರ್ಧಾರವಾದ ಮೇಲೆ, ತಪ್ಪು ಓದನ್ನು ತಿದ್ದುವ ಹಾಗೂ ತೊರೆದ ಸ್ಥಳಗಳಿಗೆ ಹಂತಹಂತವಾಗಿ ಮರಳಿಸುವ ಮಾತಿನ ಚಿಕಿತ್ಸೆಯೂ, ಬೇಕಾದವರಿಗೆ ಔಷಧವೂ ಇವೆ. ಎರಡೂ ಚೆನ್ನಾಗಿ ಫಲಕೊಡುವಂಥವು. ಅಂಗಡಿಯಲ್ಲಿ ಕೇಳಿ ತಂದ ನಿದ್ರೆಯ ಮಾತ್ರೆಯು ಚಟವಾಗುವುದು ಬಲುಬೇಗ. ನಗೆಯು ಈ ಚಿಕಿತ್ಸೆಯ ಜತೆಗಾರ, ಅದರ ಬದಲಿಯಲ್ಲ.

ಆದುದರಿಂದ ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ಹಾಸ್ಯಸಂಜೆಗಳನ್ನು ಏರ್ಪಡಿಸುವ ಸಂಘಗಳಲ್ಲಿಯೂ, ಅಲ್ಲಿ ಮಾತನಾಡುವ ಕಲಾವಿದರಲ್ಲಿಯೂ ನನ್ನದೊಂದು ವಿನಂತಿಯಿದೆ. ಹುಚ್ಚಾಸ್ಪತ್ರೆಯ ಚುಟುಕವನ್ನು ಕೈಬಿಡಿರಿ. ಅದರ ಎಡೆಯಲ್ಲಿ ಐದು ನಿಮಿಷ, ನಿಮ್ಮದೇ ನಗೆಯ ಧಾಟಿಯಲ್ಲಿ, ಕಾರಣವಿಲ್ಲದೆ ಎದೆ ಬಡಿದುಕೊಳ್ಳುವ ಮನುಷ್ಯನ ಪಕ್ಷ ವಹಿಸಿ ಮಾತನಾಡಿರಿ. ವೈದ್ಯರ ಭಾಷಣವನ್ನು ಕೇಳಲು ಐವತ್ತು ಜನ ಬರುವ ಊರಿನಲ್ಲಿ ನಿಮ್ಮನ್ನು ಕೇಳಲು ಐದು ಸಾವಿರ ಜನ ಬರುತ್ತಾರೆ. ಮಾತು ಮುಗಿಸುವ ಮುನ್ನ ಎರಡು ಸಂಗತಿಗಳನ್ನು ತಪ್ಪದೆ ತಿಳಿಸಿರಿ: ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿಗೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ, ಕರೆ ಮಾಡಬಹುದಾದ ಸಂಖ್ಯೆ 14416.